ಬೆಲ್ಲದ ತಪ್ಪಲ್ಲ: ಫ್ರಾಂಕ್‌ಫರ್ಟಿನಲ್ಲಿ ತಪ್ಪಿಹೋದ ಒಂದು ವಿಮಾನ

ಮೈಸೂರಿನಲ್ಲಿ ಕೂತು ವಿಮಾನದ ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಅರವತ್ತು ದಾಟಿದವರು. ಮಗಳ ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ, ಮಗನ ಹೊಸ ಮನೆ ನೋಡೋದಕ್ಕೆ ಅಂತ ಹೊರಟವರು. ಬೆಂಗಳೂರಿನಿಂದ ಮಕ್ಕಳಿರುವ ಹೊರದೇಶದ ಊರುಗಳಿಗೆ ಎಷ್ಟೋ ಸಲ ನೇರ ವಿಮಾನ ಇರುವುದಿಲ್ಲ. ಎಲ್ಲೋ ನಡುವೆ ಇಳಿದು ಇನ್ನೊಂದು ಹತ್ತಬೇಕು. ಅವರ ನಿದ್ದೆ ಕೆಡಿಸುವುದು ಆ ನಡುವಿನ ಇಳಿಯೋದು, ಹತ್ತೋದು. ನನ್ನ ನಿದ್ದೆಯನ್ನೂ ಕೆಡಿಸುತ್ತದೆ.

ಇಲ್ಲಿ ಬರೆಯುತ್ತಿರುವುದು ಮಂಡ್ಯ ಕಡೆಯ ಒಂದು ದಂಪತಿಯ ವಿಷಯ. ಅವರನ್ನು ಕೇಳಿ, ಅವರು ಹೂಂ ಅಂದ ಮೇಲೆ ಬರೆಯುತ್ತಿದ್ದೇನೆ. ಅವರ ಹೆಸರು, ಹಳ್ಳಿಯ ಹೆಸರು, ವಿಮಾನ ಸಂಸ್ಥೆಯ ಹೆಸರು ಇಲ್ಲಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಎದುರಿಗೆ ಕರೆಯುವ ಹಾಗೇ ಇಲ್ಲೂ ಅವರನ್ನು ಯಜಮಾನರು, ಅಮ್ಮ ಅನ್ನುತ್ತೇನೆ. ನಿಮಿಷಗಳನ್ನು ಮಾತ್ರ ಬದಲಿಸಿಲ್ಲ.

ಹೊರಟವರು

2024ರ ಮೇ ತಿಂಗಳು. ಮಗಳು ಅಳಿಯ ಇರುವುದು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಮಗಳಿಗೆ ಎಂಟನೇ ತಿಂಗಳು. ಯಜಮಾನರಿಗೆ 68, ಅಮ್ಮನಿಗೆ 63. ಯಜಮಾನರು ಕೆಲಸದಲ್ಲಿದ್ದಷ್ಟು ಕಾಲವೂ ಲೆಕ್ಕ ಬರೆದವರು, ಈಗಲೂ ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರುತ್ತದೆ. ಅಮ್ಮನಿಗೆ ಬಲಗಾಲಿನ ಮಂಡಿ ನೋವು. ಸಮ ನೆಲದಲ್ಲಿ ನಡೆಯುತ್ತಾರೆ, ಆದರೆ ಬಿರುಸಾಗಿ ನಡೆಯಲು ಆಗುವುದಿಲ್ಲ. ಇಬ್ಬರೂ ದೇಶ ಬಿಟ್ಟು ಹೋಗುತ್ತಿದ್ದದ್ದು ಅದೇ ಮೊದಲು.

ಎರಡು ಸೂಟ್‌ಕೇಸು, ತಲಾ 23 ಕಿಲೋ. ಅದರಲ್ಲಿ ಕೊಬ್ಬರಿ, ಅಂಟು, ಮೆಂತ್ಯ, ಓಮ, ಬಾಣಂತಿ ಖಾರದ ಪುಡಿ, ಮಗುವಿಗೆ ಹಾಸಲು ಅಂತ ಒಗೆದು ಒಗೆದು ಮೆತ್ತಗಾದ ಹಳೇ ಕಾಟನ್ ಸೀರೆಗಳು. ತುಪ್ಪ ಬೇಡ ಅಂತ ನಾನೇ ಹೇಳಿದ್ದೆ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವ ಹಾಗಿಲ್ಲ ಅನ್ನುವುದು ಯುರೋಪಿನ ನಿಯಮ, ತುಪ್ಪವೂ ಅದರಲ್ಲಿ ಸೇರುತ್ತದೆ. ಹಸಿ ಕರಿಬೇವೂ ಬೇಡ ಅಂದಿದ್ದೆ. ಅಮ್ಮನಿಗೆ ಅದು ಬೇಜಾರಾಗಿತ್ತು. ತುಪ್ಪವಿಲ್ಲದ ಬಾಣಂತನ ಎಂಥದ್ದು, ಅಲ್ವಾ. ಬೆಲ್ಲಕ್ಕೆ ನಾನು ಏನೂ ಅಡ್ಡಿ ಹೇಳಲಿಲ್ಲ. ಅವರ ತಮ್ಮನ ಆಲೆಮನೆಯಿಂದ ಬಂದ ಅಚ್ಚು ಬೆಲ್ಲ, ಎರಡು ಕಿಲೋ. ಸೂಟ್‌ಕೇಸಿನಲ್ಲಿ ತೂಕ ಮುಗಿದಿತ್ತು. ಬೆಲ್ಲವನ್ನು ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಕೈಚೀಲದಲ್ಲಿ ಇಟ್ಟುಕೊಂಡರು.

ಟಿಕೆಟ್ ಮಾಡಿದ ದಿನ

ಮಗಳು ಫೋನಿನಲ್ಲಿ, ಯಜಮಾನರು ನನ್ನ ಮುಂದೆ. ಮೂರು ದಾರಿ ಇತ್ತು.

ಒಂದು, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿ 85 ನಿಮಿಷ ಬಿಟ್ಟು ಗೋಥೆನ್‌ಬರ್ಗಿನ ವಿಮಾನ. ಎರಡೂ ಸೇರಿ ಒಂದೇ ಟಿಕೆಟ್. ಇನ್ನೊಂದು, ಅದೇ ಸಂಸ್ಥೆ, ಅದೇ ದರ, ಆದರೆ ಫ್ರಾಂಕ್‌ಫರ್ಟಿನಿಂದ ಮಧ್ಯಾಹ್ನದ ವಿಮಾನ. ನಡುವೆ ಆರು ಗಂಟೆಗೂ ಜಾಸ್ತಿ ಕಾಯಬೇಕು. ಮೂರನೆಯದು ಅಗ್ಗ. ಕೊಲ್ಲಿ ದೇಶದ ಮೇಲೆ ಹೋಗುವುದು, ಆದರೆ ಎರಡು ಬೇರೆ ಬೇರೆ ಟಿಕೆಟ್. ಇಬ್ಬರಿಗೂ ಸೇರಿ 21,000 ರೂಪಾಯಿ ಉಳಿಯುತ್ತಿತ್ತು.

ಮೂರನೆಯದನ್ನು ನಾನು ಖಡಾಖಂಡಿತ ಬೇಡ ಅಂದೆ. ಬೇರೆ ಬೇರೆ ಟಿಕೆಟ್ ಅಂದರೆ ಎರಡನೇ ವಿಮಾನದವರಿಗೆ ನೀವು ಎಲ್ಲಿಂದ ಬರುತ್ತಿದ್ದೀರಿ ಅನ್ನುವುದು ಗೊತ್ತಿರುವುದಿಲ್ಲ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಟಿಕೆಟ್ ದುಡ್ಡು ನೀರಿಗೆ ಹಾಕಿದ ಹಾಗೆ. ಸಾಮಾನು ನಡುವೆ ಬಿಡಿಸಿಕೊಂಡು ಮತ್ತೆ ಕೊಡಬೇಕಾಗಬಹುದು. ಅದಕ್ಕೆ ಆ ದೇಶದ ಒಳಗೆ ಹೋಗಬೇಕು, ಒಳಗೆ ಹೋಗಲು ವೀಸಾ ಬೇಕಾಗಬಹುದು. ಈ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತದ್ದು ಒಳ್ಳೆಯದಾಯಿತು.

ಉಳಿದ ಎರಡರಲ್ಲಿ ಮಗಳು 85 ನಿಮಿಷದ್ದು ಸಾಕು ಅಂದಳು. "ಅಮ್ಮ ಆರು ಗಂಟೆ ಆ ಕುರ್ಚಿ ಮೇಲೆ ಕೂರೋದು ಕಷ್ಟ ಅಣ್ಣ, ಬೇಗ ಬಂದು ಮಲ್ಕೊಳ್ಳಲಿ." ಪ್ರೀತಿಯ ಮಾತು. ನಾನೂ ಒಪ್ಪಿಕೊಂಡೆ. ನನ್ನ ತಪ್ಪು ಅಲ್ಲಿ ಆಯಿತು. ಯಾಕೆ ಒಪ್ಪಿದೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ ನಡೆಯುತ್ತದೆ.

ದೊಡ್ಡ ವಿಮಾನ ನಿಲ್ದಾಣಗಳಿಗೆಲ್ಲ ಮಿನಿಮಮ್ ಕನೆಕ್ಟಿಂಗ್ ಟೈಮ್ ಅಂತ ಒಂದು ಗೆರೆ ಇದೆ. ಒಂದು ವಿಮಾನದಿಂದ ಇಳಿದು ಇನ್ನೊಂದು ಹತ್ತಲು ಕಡೇಪಕ್ಷ ಇಷ್ಟು ನಿಮಿಷ ಬೇಕು ಅಂತ. ಅದಕ್ಕಿಂತ ಕಡಿಮೆ ಇದ್ದರೆ ಕಂಪ್ಯೂಟರ್ ಆ ಎರಡನ್ನೂ ಒಂದೇ ಟಿಕೆಟಿನಲ್ಲಿ ಸೇರಿಸುವುದಿಲ್ಲ. ಫ್ರಾಂಕ್‌ಫರ್ಟಿನ ಒಂದನೇ ಟರ್ಮಿನಲ್‌ನಲ್ಲಿ ಇಳಿದು ಅಲ್ಲೇ ಹತ್ತುವವರಿಗೆ ಅದು 45 ನಿಮಿಷ. ನಮ್ಮ ಹತ್ತಿರ 85 ಇತ್ತು. ನಲವತ್ತು ನಿಮಿಷ ಜಾಸ್ತಿಯೇ ಇದೆಯಲ್ಲ ಅಂದುಕೊಂಡೆ. ಆ 45 ನಿಮಿಷ ದಾರಿ ಗೊತ್ತಿದ್ದು ಸರಸರ ನಡೆಯುವವನ ಲೆಕ್ಕ. ಮಂಡಿ ನೋವಿನ ಅಮ್ಮನ ಲೆಕ್ಕ ಅಲ್ಲ. ಅದನ್ನು ನಾನು ಆವತ್ತು ಯೋಚಿಸಲಿಲ್ಲ.

ಇನ್ನೊಂದು ತೀರ್ಮಾನವೂ ಅವತ್ತೇ ಆಯಿತು. "ಅಮ್ಮನಿಗೆ ವೀಲ್‌ಚೇರ್ ಹಾಕಲಾ?" ಅಂತ ಕೇಳಿದೆ. ಟಿಕೆಟ್ ಮಾಡುವಾಗಲೇ ಬರೆಸಿದರೆ ಅದಕ್ಕೆ ದುಡ್ಡಿಲ್ಲ. ಯಜಮಾನರು ತಲೆ ಅಲ್ಲಾಡಿಸಿದರು. "ನಡೀತಾಳೆ ಕಣಪ್ಪ. ಸುಮ್ನೆ ಯಾಕೆ, ನೋಡ್ದೋರು ಏನಂದ್ಕಂಡಾರು." ನಾನು ಒತ್ತಾಯ ಮಾಡಲಿಲ್ಲ. ಅಮ್ಮನನ್ನು ಕೇಳಬೇಕಿತ್ತು. ಅವರು ಅವತ್ತು ಬಂದೇ ಇರಲಿಲ್ಲ.

ಆ ರಾತ್ರಿ, ಆ ಬೆಳಗ್ಗೆ

ಸಂಜೆ ಏಳೂವರೆಗೆ ಊಟ ಮುಗಿಸಿ ಕಾರಿನಲ್ಲಿ ಹೊರಟರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಮಂಡ್ಯದಿಂದ ಬೆಂಗಳೂರಿನ ಅಂಚು ಮುಟ್ಟುವುದು ಸಲೀಸು. ಅಲ್ಲಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುವುದೇ ಹೊತ್ತು. ಹನ್ನೊಂದರ ಹೊತ್ತಿಗೆ ಎರಡನೇ ಟರ್ಮಿನಲ್‌ನಲ್ಲಿದ್ದರು. ಸೂಟ್‌ಕೇಸಿಗೆ ಅಂಟಿಸಿದ ಚೀಟಿಯಲ್ಲಿ ಫ್ರಾಂಕ್‌ಫರ್ಟ್ ಅಲ್ಲ, ಗೋಥೆನ್‌ಬರ್ಗಿನ ಗುರುತಾದ 'ಜಿ ಒ ಟಿ' ಇದೆಯಾ ನೋಡಿ ಅಂತ ಹೇಳಿದ್ದೆ. ನೋಡಿದ್ದರು. ಬೆಲ್ಲದ ಚೀಲವೂ ಅಲ್ಲಿ ಯಾವ ತಕರಾರೂ ಇಲ್ಲದೆ ದಾಟಿತು. ಅಮ್ಮ ಒಂದು ಸ್ಟೀಲ್ ಬಾಟಲಿಗೆ ನೀರು ತುಂಬಿಸಿಕೊಂಡರು.

ವಿಮಾನ ಬೆಂಗಳೂರಿಗೆ ಬರುವಾಗಲೇ ತಡವಾಗಿತ್ತು. ಹೊರಟಾಗ 50 ನಿಮಿಷ ಹಿಂದಿತ್ತು, ದಾರಿಯಲ್ಲಿ 15 ನಿಮಿಷ ಸರಿದೂಗಿಸಿಕೊಂಡಿತು. ಫ್ರಾಂಕ್‌ಫರ್ಟಿಗೆ 9 ಗಂಟೆಗೆ ಬರಬೇಕಿದ್ದದ್ದು 9:35ಕ್ಕೆ ಬಂತು. ಮುಂದಿನ ವಿಮಾನ 10:25ಕ್ಕೆ. ಅಂದರೆ ಕೈಯಲ್ಲಿ 50 ನಿಮಿಷ. ಕಾಗದದ ಮೇಲೆ ಇನ್ನೂ 45ರ ಗೆರೆಯ ಮೇಲೇ ಇದ್ದರು.

ಅಲ್ಲಿಂದ ಮುಂದಿನದು ಯಜಮಾನರ ನೋಟ್‌ಬುಕ್‌ನಲ್ಲಿದೆ. ಅವರ ಕೈಗಡಿಯಾರ ಮಂಡ್ಯದ ಹೊತ್ತನ್ನೇ ತೋರಿಸುತ್ತಿತ್ತು. ಅಲ್ಲಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಹಾಗಾಗಿ ಬರೆದಿರುವುದೆಲ್ಲ ಮಧ್ಯಾಹ್ನ ಒಂದು, ಎರಡು ಗಂಟೆ ಅಂತ. ಆಮೇಲೆ ನಾನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅಲ್ಲಿನ ಹೊತ್ತು ಬರೆದೆ. ಆ ಪುಟ ಹೀಗಿದೆ:

9:35 ನಿಂತಿತು
9:42 ಬಾಗಿಲು
9:50 ಬಸ್ ಹೊರಟಿತು
9:55 ಒಳಗೆ
9:59 ಸಾಲು
10:09 ನಮ್ಮ ಸರದಿ
10:10 ಬೆಲ್ಲ
10:19 ಬಿಟ್ಟರು
10:29 ಪಾಸ್‌ಪೋರ್ಟ್ ಆಯಿತು
10:44 ಗೇಟು. ಯಾರೂ ಇಲ್ಲ

ಈ ಪುಟವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದೊಂದು ಸಾಲಿನಲ್ಲೂ ಒಂದು ಪಾಠ ಇದೆ.

ಮೊದಲು ಬಸ್. ಬೇಗ ಇಳಿಯಲಿ ಅಂತ ಮಗಳು ಜಾಸ್ತಿ ದುಡ್ಡು ಕೊಟ್ಟು ಮುಂದಿನ ಸೀಟು ತೆಗೆಸಿದ್ದಳು. ಅವರು ಬೇಗ ಇಳಿದದ್ದೂ ನಿಜ. ಆದರೆ ವಿಮಾನ ನಿಂತದ್ದು ಕಟ್ಟಡಕ್ಕೆ ಅಂಟಿಕೊಂಡು ಅಲ್ಲ, ದೂರದ ಬಯಲಿನಲ್ಲಿ. ಮೆಟ್ಟಿಲಿಳಿದು ಬಸ್ ಹತ್ತಬೇಕು. ಬಸ್ ತುಂಬಿದ ಮೇಲೇ ಹೊರಡುವುದು. ಮೊದಲು ಇಳಿದವರು ಮೊದಲು ಹತ್ತಿ, ಕಂಬಿ ಹಿಡಿದುಕೊಂಡು ನಿಂತು ಕಾದರು. ಆ ಸೀಟಿನ ದುಡ್ಡು ಎಂಟು ನಿಮಿಷ ನಿಲ್ಲೋದಕ್ಕೆ ಕೊಟ್ಟ ಹಾಗಾಯಿತು.

ಆಮೇಲೆ ಸೆಕ್ಯುರಿಟಿ ಸಾಲು. ಬೆಂಗಳೂರಿನಲ್ಲಿ ಒಮ್ಮೆ ಆಗಿದೆಯಲ್ಲ, ಮತ್ತೆ ಯಾಕೆ ಅಂತ ಯಜಮಾನರಿಗೆ ಗೊಂದಲ. ಕೆಲವು ದೇಶಗಳ ತಪಾಸಣೆಯನ್ನು ಮಾತ್ರ ಯುರೋಪಿನವರು ಒಪ್ಪಿಕೊಳ್ಳುತ್ತಾರೆ. ನಮ್ಮಿಂದ ಹೋದವರಿಗೆ ಮತ್ತೆ ಪೂರ್ತಿ ತಪಾಸಣೆ, ಬೆಲ್ಟ್ ಬಿಚ್ಚುವುದರಿಂದ ಹಿಡಿದು 100 ಮಿಲಿಗಿಂತ ಜಾಸ್ತಿ ನೀರು ಎಣ್ಣೆ ಬಿಡಬಾರದು ಅನ್ನುವ ಆಗಿನ ನಿಯಮದ ತನಕ. ಇದನ್ನು ನಾನು ಅವರಿಗೆ ಹೇಳಿದ್ದೆ, ಆದರೆ ಹತ್ತು ಮಾತಿನ ನಡುವೆ ಒಂದು ಮಾತಾಗಿ.

ಆ ಸಾಲಿನಲ್ಲಿ ಒಂದು ಚಿಕ್ಕ ತೀರ್ಮಾನ ಆಯಿತು. ಅವರ ಹಿಂದೆ ಓದಲು ಹೋಗುತ್ತಿದ್ದ ಒಬ್ಬ ಕನ್ನಡದ ಹುಡುಗ ಇದ್ದ. ಬೋರ್ಡಿಂಗ್ ಪಾಸ್ ನೋಡಿ, "ಅಂಕಲ್, ಅಲ್ಲಿ ನಿಂತಿರೋರಿಗೆ ತೋರಿಸಿ, ಮುಂದೆ ಬಿಡ್ತಾರೇನೋ ಕೇಳಿ" ಅಂದನಂತೆ. ಯಜಮಾನರು ಕೇಳಲಿಲ್ಲ. ಎಲ್ಲರೂ ನಿಂತಿರುವಾಗ ನಾವು ಮುಂದೆ ಹೋಗೋದು ಮರ್ಯಾದೆ ಅಲ್ಲ ಅನ್ನಿಸಿತು ಅವರಿಗೆ. ಅವರ ಗುಣವೇ ಅದು, ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಬೋರ್ಡಿಂಗ್ ಪಾಸ್ ತೋರಿಸಿ ಕೇಳುವುದು ಸಾಲು ಮುರಿದಂತಲ್ಲ. ಬಿಡುವುದು ಬಿಡದಿರುವುದು ಅಲ್ಲಿ ನಿಂತವರಿಗೆ ಬಿಟ್ಟದ್ದು, ಕೇಳುವುದು ನಮಗೆ ಬಿಟ್ಟದ್ದು.

ಬೆಲ್ಲ

ಚೀಲ ಯಂತ್ರದೊಳಗೆ ಹೋಯಿತು. ಹೊರಗೆ ಬರುವಾಗ ನೇರ ಬರಲಿಲ್ಲ, ಪಕ್ಕದ ಪಟ್ಟಿಗೆ ಸರಿಯಿತು. ಅಮ್ಮನಿಗೆ ಆಗಲೇ ಎದೆ ಧಸಕ್ಕೆಂದಿತಂತೆ.

ಮೊದಲು ಸ್ಟೀಲ್ ಬಾಟಲಿ ತೆಗೆದು ಅಲ್ಲಾಡಿಸಿದರು. ಅರ್ಧ ನೀರಿತ್ತು. ಅದನ್ನು ಚೆಲ್ಲಿದರು. ಆಮೇಲೆ ಆ ಕವರು. ಎಕ್ಸ್‌ರೇ ಪರದೆಯ ಮೇಲೆ ದಟ್ಟವಾದ, ಗಟ್ಟಿ ಮುದ್ದೆಯಂತಹ ಪದಾರ್ಥ ಕಂಡರೆ ತೆರೆದು ನೋಡದೆ ಬಿಡುವುದಿಲ್ಲ. ಬೆಲ್ಲ ಅಲ್ಲದೆ ಗಟ್ಟಿ ಚೀಸು, ಒತ್ತಾಗಿ ಕಟ್ಟಿದ ಪುಡಿ, ಮಿಠಾಯಿ ಎಲ್ಲಕ್ಕೂ ಹೀಗೆ ಆಗುತ್ತದೆ. ತಪಾಸಣೆಗೆ ನಿಂತಿದ್ದ ಹುಡುಗಿ ಕೈಗವಸು ಹಾಕಿಕೊಂಡು ಕವರು ಬಿಚ್ಚಿದಳು. ಒಳಗೆ ಕನ್ನಡ ಪೇಪರು. ಅದರೊಳಗೆ ಕಂದು ಬಣ್ಣದ ಅಚ್ಚುಗಳು, ಒಂದರ ಮೂಲೆ ಒಡೆದು ಪುಡಿಯಾಗಿತ್ತು. ಸ್ಫೋಟಕ ಏನಾದರೂ ಇದೆಯಾ ಅಂತ ನೋಡಲು ಒಂದು ಬಿಳಿ ಪಟ್ಟಿಯಿಂದ ಅಚ್ಚಿನ ಮೈಯನ್ನೂ ಚೀಲದ ಹಿಡಿಯನ್ನೂ ಒರೆಸಿ, ಆ ಪಟ್ಟಿಯನ್ನು ಇನ್ನೊಂದು ಯಂತ್ರಕ್ಕೆ ತೂರಿಸಿ ಕಾದಳು. ಯಜಮಾನರು "ಶುಗರ್‌ಕೇನ್, ಶುಗರ್‌ಕೇನ್" ಅನ್ನುತ್ತಲೇ ಇದ್ದರು. ಅವಳು ತಲೆಯಾಡಿಸಿ, ಮತ್ತೆ ಅದೇ ಪೇಪರಿನಲ್ಲಿ ಸುತ್ತಿ, ಚೀಲದಲ್ಲಿಟ್ಟು ಕೊಟ್ಟಳು. ಒಂಬತ್ತು ನಿಮಿಷ. ಅವಳು ಗದರಿಸಲಿಲ್ಲ, ತಡವನ್ನೂ ಮಾಡಲಿಲ್ಲ. ತನ್ನ ಕೆಲಸ ಮಾಡಿದಳು ಅಷ್ಟೇ.

ಪಾಸ್‌ಪೋರ್ಟಿನ ಹತ್ತಿರ ಇನ್ನೊಂದು ತೊಡಕು. ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಲ್ಲಿ, ನೀವು ಮೊದಲು ಎಲ್ಲಿ ಇಳಿಯುತ್ತೀರೋ ಅಲ್ಲೇ ಒಳಗೆ ಬರುವ ಪಾಸ್‌ಪೋರ್ಟ್ ತಪಾಸಣೆ. ಸ್ವೀಡನ್ನಿಗೆ ಹೋಗುವವರನ್ನೂ ಜರ್ಮನಿಯ ಅಧಿಕಾರಿಯೇ ಕೇಳುತ್ತಾನೆ: ಎಲ್ಲಿಗೆ, ಎಷ್ಟು ದಿನ, ವಾಪಸ್ ಟಿಕೆಟ್ ಎಲ್ಲಿ, ಯಾರ ಮನೆ. ಆಹ್ವಾನ ಪತ್ರ, ವಿಮೆ, ವಾಪಸ್ ಟಿಕೆಟ್ ಎಲ್ಲ ಒಂದು ಫೈಲಿನಲ್ಲಿತ್ತು. ಫೈಲು ಚೀಲದಲ್ಲಿತ್ತು. ಚೀಲವನ್ನು ಈಗಷ್ಟೇ ಬಿಚ್ಚಿ ತುಂಬಿದ್ದರಿಂದ ಫೈಲು ಬೆಲ್ಲದ ಅಡಿಗೆ ಹೋಗಿತ್ತು. ಅಮ್ಮ ನೆಲದ ಮೇಲೆ ಚೀಲ ಇಟ್ಟು, ನೋಯುವ ಮಂಡಿ ಊರಿ, ಅದನ್ನು ಎಳೆದು ತೆಗೆದರಂತೆ. ಇದನ್ನು ಕೇಳಿದಾಗ ನನಗೆ ಸಂಕಟವಾಯಿತು. ಕಾಗದ ಪತ್ರ ಕುತ್ತಿಗೆಗೆ ಹಾಕುವ ಚೀಲದಲ್ಲಿ ಇರಲಿ ಅನ್ನುವ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಓಡಬೇಡಿ ಅಂದದ್ದು

10:29. ಹೊರಡುವ ಹೊತ್ತು ಮೀರಿತ್ತು. ಆದರೂ ಆ ವಿಮಾನವೂ ತಡವಾಗಿರಬಹುದು ಅನ್ನುವ ಆಸೆ. ಯಜಮಾನರು ಹೇಳಿದರು, "ನೀನು ನಿಧಾನಕ್ಕೆ ಬಾ. ನಾನು ಓಡಿ ಹೋಗಿ ನಿಲ್ಸಿರ್ತೀನಿ."

ಅಮ್ಮ ಅವರ ಅಂಗಿ ತೋಳು ಹಿಡಿದುಕೊಂಡರಂತೆ. "ಬ್ಯಾಡ ಕಣ್ರೀ. ನಿಮ್ಮನ್ನ ಹತ್ತಿಸ್ಕಂಡು ಹೊಂಟೋದ್ರೆ ನಾನು ಇಲ್ಲಿ ಯಾರನ್ನ ಕೇಳ್ಲಿ? ಫೋನೂ ನಿಮ್ತಾವೇ ಅದೆ. ಹೋದ್ರೆ ಹೋಗ್ಲಿ ಬುಡಿ."

ಇಡೀ ಪ್ರಯಾಣದಲ್ಲಿ ಆದ ಅತ್ಯಂತ ಸರಿಯಾದ ತೀರ್ಮಾನ ಇದು ಅಂತ ನನಗೆ ಅನ್ನಿಸುತ್ತದೆ. ಗೇಟ್ ಮುಚ್ಚಿದ ಮೇಲೆ ಯಾರು ಓಡಿ ಹೋದರೂ ತೆರೆಯುವುದಿಲ್ಲ. ಅಕಸ್ಮಾತ್ ತೆರೆದಿದ್ದರೂ, ಒಬ್ಬರು ಒಳಗೆ ಒಬ್ಬರು ಹೊರಗೆ ಆಗಿದ್ದರೆ? ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತದೆ, ಮಾತಾಡಲು ಹಿಂಜರಿಕೆ. ಫೋನಿಲ್ಲ. ತಪ್ಪಿದ ವಿಮಾನಕ್ಕೆ ಇನ್ನೊಂದು ವಿಮಾನ ಸಿಗುತ್ತದೆ. ತಪ್ಪಿಸಿಕೊಂಡ ಮನುಷ್ಯರನ್ನು ಆ ಜನಜಂಗುಳಿಯಲ್ಲಿ ಹುಡುಕುವುದು ಬೇರೆಯೇ ಪಾಡು. ಈಗ ನಾನು ಇಬ್ಬರು ಹೊರಟರೆ ಇಬ್ಬರ ಹತ್ತಿರವೂ ಫೋನ್ ಇರಲೇಬೇಕು ಅನ್ನುತ್ತೇನೆ. ಕೈ ತಪ್ಪಿದರೆ ಸೇರುವ ಜಾಗವನ್ನೂ ಮೊದಲೇ ಹೇಳುತ್ತೇನೆ. ದೋಹಾದ ಮೇಲೆ ಹೋಗುವವರಿಗೆ ಇದು ಸುಲಭ, ಅಲ್ಲಿನ ನಿಲ್ದಾಣದಲ್ಲಿ ಏಳು ಮೀಟರ್ ಎತ್ತರದ ಹಳದಿ ಕರಡಿ ಬೊಂಬೆ ಕೂತಿದೆ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಇಬ್ಬರೂ ಜೊತೆಯಲ್ಲೇ ನಡೆದರು. ಹದಿನೈದು ನಿಮಿಷ. ಗೇಟಿನಲ್ಲಿ ಯಾರೂ ಇರಲಿಲ್ಲ.

ಆಮೇಲಿನದು ಬೇಗ ಹೇಳಬಹುದು, ಯಾಕೆಂದರೆ ಅದು ಸುಸೂತ್ರವಾಗಿ ಆಯಿತು. ಸಾಲಿನಲ್ಲಿ ಸಿಕ್ಕಿದ್ದ ಆ ಕನ್ನಡದ ಹುಡುಗ ಯಜಮಾನರ ಫೋನಿಗೆ ನಿಲ್ದಾಣದ ಉಚಿತ ವೈಫೈ ಹಾಕಿಕೊಟ್ಟಿದ್ದ. ಮಗಳ ಕರೆ ಬಂತು. ಟಿಕೆಟಿನಲ್ಲಿ ಅವಳ ಇಮೇಲ್ ಇದ್ದದ್ದರಿಂದ ಹೊಸ ವಿಮಾನದ ವಿವರ ಆಗಲೇ ಅವಳಿಗೆ ಬಂದಿತ್ತು. ಒಂದೇ ಟಿಕೆಟ್ ಆದ್ದರಿಂದ ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಾಗಲಿಲ್ಲ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್, ಊಟದ ಕೂಪನ್ ಕೊಟ್ಟರು. ಕೊಟ್ಟದ್ದು ಯಾವ ವಿಮಾನ ಗೊತ್ತಾ? ಮಧ್ಯಾಹ್ನದ್ದು. ಟಿಕೆಟ್ ಮಾಡುವ ದಿನ ಕಾಯೋದು ಕಷ್ಟ ಅಂತ ಬೇಡ ಅಂದಿದ್ದೆವಲ್ಲ, ಅದೇ. ಸೂಟ್‌ಕೇಸುಗಳೂ ಅದರಲ್ಲೇ ಬಂದವು. ಓಡಿ ಹೋಗಿ ಮೊದಲನೆಯದನ್ನು ಹಿಡಿದಿದ್ದರೂ ಸಾಮಾನು ಅಷ್ಟು ಬೇಗ ವಿಮಾನ ಬದಲಿಸುತ್ತಿತ್ತು ಅಂತ ಹೇಳಲಾಗದು.

ಅಮ್ಮನ ಮನಸ್ಸಿನಲ್ಲಿ ಉಳಿದದ್ದು

ವಿಷಯ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹೋದವರು ವೀಸಾದ 90 ದಿನದ ಮಿತಿಯೊಳಗೆ, 85ನೇ ದಿನ ವಾಪಸ್ ಹೊರಟರು. ಮೊಮ್ಮಗಳು ಹುಟ್ಟಿದ್ದಳು. ಒಂದು ದಿನ ಇಬ್ಬರೂ ನನ್ನ ಹತ್ತಿರ ಬಂದರು. ಮಾತಿನ ನಡುವೆ ಅಮ್ಮ ಅಂದರು, "ಆ ಬೆಲ್ಲ ಒಂದು ತಗಂಡೋಗ್ದೆ ಇದ್ದಿದ್ರೆ ಸಿಕ್ಬುಡೋದು ಕಣಪ್ಪ. ನನ್ನಿಂದ ಎಲ್ರಿಗೂ ತೊಂದ್ರೆ ಆಯ್ತು." ಮಾತಾಡುತ್ತಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ಮೂರು ತಿಂಗಳಿಂದ ಅವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಮನೆಯವರೂ ಹಾಗೇ ನಂಬಿದ್ದರು. ಯಾರೂ ಬೈದಿರಲಿಲ್ಲ, ಆದರೆ ಮಾತು ಬಂದಾಗಲೆಲ್ಲ ಬೆಲ್ಲದ ಹೆಸರೇ ಬರುತ್ತಿತ್ತು.

ಅವತ್ತು ಆ ನೋಟ್‌ಬುಕ್ ಕೇಳಿ ತೆಗೆಸಿದೆ. ಮೂವರೂ ಕೂತು ಲೆಕ್ಕ ಹಾಕಿದೆವು.

ವಿಮಾನ ಹೊರಡುವುದು 10:25. ಆದರೆ ಗೇಟ್ ಮುಚ್ಚುವುದು 10:10, ಹದಿನೈದು ನಿಮಿಷ ಮೊದಲು. ಬೆಲ್ಲದ ಚೀಲ ಪಕ್ಕಕ್ಕೆ ಸರಿದದ್ದೂ 10:10. ಅಂದರೆ ಆ ಹುಡುಗಿ ಚೀಲಕ್ಕೆ ಕೈ ಹಾಕುವ ನಿಮಿಷಕ್ಕೆ ಅತ್ತ ಗೇಟ್ ಮುಚ್ಚುತ್ತಿತ್ತು. ಬೆಲ್ಲ ಇಲ್ಲದಿದ್ದರೂ ಇವರು ಗೇಟಿಗೆ ಬರುತ್ತಿದ್ದದ್ದು 10:35ಕ್ಕೆ. ಯಜಮಾನರು ಕೇಳಿ, ಎರಡೂ ಸಾಲಿನಲ್ಲಿ ಮುಂದೆ ಬಿಟ್ಟಿದ್ದರು ಅಂತಲೇ ಇಟ್ಟುಕೊಳ್ಳಿ, ಸುಮಾರು ಹದಿಮೂರು ನಿಮಿಷ ಉಳಿಯುತ್ತಿತ್ತು. ಆಗ 10:22. ಆಗಲೂ ಸಿಗುತ್ತಿರಲಿಲ್ಲ.

ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ, ಇದು ನನಗೋಸ್ಕರ. ವಿಮಾನ ಸರಿಯಾದ ಹೊತ್ತಿಗೆ ಬಂದಿದ್ದರೆ? ಎಲ್ಲವೂ 35 ನಿಮಿಷ ಹಿಂದೆ ಸರಿಯುತ್ತದೆ. ಗೇಟಿಗೆ 10:09. ಮುಚ್ಚಲು ಒಂದು ನಿಮಿಷ ಬಾಕಿ. ನಾನು ನಲವತ್ತು ನಿಮಿಷ ಜಾಸ್ತಿ ಇದೆ ಅಂದುಕೊಂಡಿದ್ದ ಟಿಕೆಟಿನಲ್ಲಿ ಈ ಇಬ್ಬರಿಗೆ ನಿಜವಾಗಿ ಉಳಿದಿದ್ದದ್ದು ಒಂದು ನಿಮಿಷ. ಹೆಚ್ಚುಕಮ್ಮಿ ಆಗದ ಪ್ರಯಾಣ ಉಂಟಾ? ವಿಮಾನ ತಪ್ಪಿದ್ದು ಫ್ರಾಂಕ್‌ಫರ್ಟಿನಲ್ಲಿ ಅಲ್ಲ, ಟಿಕೆಟ್ ಮಾಡಿದ ದಿನ ನನ್ನ ಮೇಜಿನ ಮುಂದೆ. ಹಾಗಂತ ಅಮ್ಮನಿಗೆ ಹೇಳಿದೆ. ಅವರು ನೋಟ್‌ಬುಕ್ ತಿರುಗಿಸಿಕೊಂಡು, ಬೆರಳಿಟ್ಟು, ಒಂದೊಂದು ಸಾಲೂ ಓದಿದರು. ಯಜಮಾನರು ಏನೂ ಮಾತಾಡಲಿಲ್ಲ.

ಪರಿಹಾರದ ವಿಷಯವನ್ನೂ ಹೇಳಿಬಿಡುತ್ತೇನೆ. ಯುರೋಪಿನಲ್ಲಿ 2004ರ 261ನೇ ನಿಯಮ ಅಂತ ಒಂದಿದೆ. ಯುರೋಪಿನ ಸಂಸ್ಥೆಯ ವಿಮಾನವಾದರೆ ಬೆಂಗಳೂರಿನಿಂದ ಹೊರಟವರಿಗೂ ಅನ್ವಯಿಸುತ್ತದೆ. ಸಂಸ್ಥೆಯ ಕೈಮೀರಿದ ಕಾರಣ ಇಲ್ಲದೆ ಕೊನೆಯ ಊರಿಗೆ ಮೂರು ಗಂಟೆ ಅಥವಾ ಜಾಸ್ತಿ ತಡವಾದರೆ, ಇಷ್ಟು ದೂರಕ್ಕೆ ತಲಾ 600 ಯೂರೋ ತನಕ ಪರಿಹಾರ. ಮಗಳು ಅರ್ಜಿ ಹಾಕಿದಳು. ತಡವಾದ ಮೇಲೂ 50 ನಿಮಿಷ ಇತ್ತು, ಅದು 45ಕ್ಕಿಂತ ಜಾಸ್ತಿ ಅಂತ ಉತ್ತರ ಬಂತು. ಅಷ್ಟರಲ್ಲಿ ಮಗು ಹುಟ್ಟಿತು, ಅವಳು ಅಲ್ಲಿಗೇ ಬಿಟ್ಟಳು. ಬಿಡಬಾರದಿತ್ತು ಅಂತ ನನ್ನ ಅಭಿಪ್ರಾಯ. ಬಾಗಿಲು ತೆರೆದದ್ದು 9:42, ಬಸ್ ಹೊರಟದ್ದು 9:50 ಅಂತ ಬರೆದಿಟ್ಟ ಆ ಪುಟವನ್ನು ಕಳಿಸಿ ಮತ್ತೊಮ್ಮೆ ಕೇಳಬಹುದಿತ್ತು. ಹೊತ್ತು ಬರೆದಿಡುವ ಅಭ್ಯಾಸ ಎಲ್ಲರಿಗೂ ಇರಲಿ ಅಂತ ಅವತ್ತಿನಿಂದ ಹೇಳುತ್ತಿದ್ದೇನೆ.

ಈಗ ನಾನು ಮಾಡುವುದು

ಯುರೋಪಿನ ಮೇಲೆ ಮೊದಲ ಸಲ ಹೋಗುವ ಹಿರಿಯರಿಗೆ ನಡುವೆ ಮೂರು ಗಂಟೆಗಿಂತ ಕಡಿಮೆ ಇದ್ದರೆ ನಾನು ಟಿಕೆಟ್ ಮಾಡುವುದಿಲ್ಲ. ಬೇಜಾರು ಮಾಡಿಕೊಂಡು ಬೇರೆ ಕಡೆ ಹೋದವರೂ ಇದ್ದಾರೆ. ಹೋಗುವಾಗಿನ ಲೆಕ್ಕ ಬೇರೆ, ಬರುವಾಗಿನದು ಬೇರೆ. ಗೋಥೆನ್‌ಬರ್ಗಿನಿಂದ ಫ್ರಾಂಕ್‌ಫರ್ಟಿಗೆ ಬಂದವರಿಗೆ ಮತ್ತೆ ಸೆಕ್ಯುರಿಟಿ ಇಲ್ಲ, ಹೊರಗೆ ಹೋಗುವ ಪಾಸ್‌ಪೋರ್ಟ್ ತಪಾಸಣೆ ಮಾತ್ರ. ಎರಡು ಗಂಟೆ ಸಾಕಾಗುತ್ತದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು ಮೊದಲ ಸಲ ಬರುವವರ ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುವ ಹೊಸ ಪದ್ಧತಿ ಶುರು ಮಾಡಿವೆ. ಹಾಗಾಗಿ ಹೋಗುವಾಗ ಮೂರು ಗಂಟೆಯೂ ಜಾಸ್ತಿ ಅಲ್ಲ.

ವೀಲ್‌ಚೇರ್ ಬಗ್ಗೆ ಒಂದು ಮಾತು. ಅದು ಇದ್ದರೆ ಬೇಗ ಆಗುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ದಾರಿ ತಪ್ಪುವುದಿಲ್ಲ, ಸಾಲಿನಲ್ಲಿ ನಿಲ್ಲುವ ಕಷ್ಟ ಕಡಿಮೆ, ಅದು ನಿಜ. ಆದರೆ ವೀಲ್‌ಚೇರಿನವರನ್ನು ಸಾಮಾನ್ಯವಾಗಿ ಎಲ್ಲರೂ ಇಳಿದ ಮೇಲೆ ಇಳಿಸುತ್ತಾರೆ. ಸಮಯ ಕಡಿಮೆ ಇದ್ದಾಗ ಅದು ಎದುರಾಗಿ ತಿರುಗಬಹುದು. ಸಮಯ ಧಾರಾಳ ಇದ್ದಾಗ ಅದರಂಥ ನೆಮ್ಮದಿ ಇಲ್ಲ. ಈಗ ಆ ಪ್ರಶ್ನೆಯನ್ನು ನಾನು ಯಾರ ಮಂಡಿ ನೋಯುತ್ತದೋ ಅವರಿಗೇ ಕೇಳುತ್ತೇನೆ, ಗಂಡನಿಗಲ್ಲ, ಮಗನಿಗಲ್ಲ.

2025ರ ಮೇ ತಿಂಗಳಲ್ಲಿ ಮೊಮ್ಮಗಳ ಹುಟ್ಟುಹಬ್ಬಕ್ಕೆ ಅವರಿಬ್ಬರೂ ಮತ್ತೆ ಹೊರಟರು. ಅದೇ ಫ್ರಾಂಕ್‌ಫರ್ಟ್, ನಡುವೆ ನಾಲ್ಕು ಗಂಟೆ ಹತ್ತು ನಿಮಿಷ. ಅಮ್ಮನೇ ಬಂದು ವೀಲ್‌ಚೇರ್ ಬರೆಸಿದರು. ಕಾಗದ ಪತ್ರ ಕುತ್ತಿಗೆಯ ಚೀಲದಲ್ಲಿ, ಫೋನು ಇಬ್ಬರ ಹತ್ತಿರವೂ. ಬೆಲ್ಲವನ್ನು ಈ ಸಲ ಸೂಟ್‌ಕೇಸಿಗೆ ಹಾಕಿ ಅಂದೆ. ಹೂಂ ಅಂದರು.

ಹಾಕಿರಲಿಲ್ಲ. ಸೂಟ್‌ಕೇಸಿನಲ್ಲಿ ಮಗುವಿನ ಬಟ್ಟೆ ತುಂಬಿ ಮತ್ತೆ ತೂಕ ಮುಗಿದಿತ್ತಂತೆ. ಅಲ್ಲಿಗೆ ತಲುಪಿದ ಮೇಲೆ ಅವರೇ ಫೋನ್ ಮಾಡಿ ಹೇಳಿದರು. ಫ್ರಾಂಕ್‌ಫರ್ಟಿನ ಸಾಲಿನಲ್ಲಿ ಸರದಿ ಬಂದಾಗ, ಯಾರೂ ಕೇಳುವ ಮುಂಚೆಯೇ, ಚೀಲದಿಂದ ಬೆಲ್ಲದ ಕವರನ್ನು ತಾವೇ ತೆಗೆದು, ಪೇಪರು ಬಿಚ್ಚಿ, ಟ್ರೇಯಲ್ಲಿ ಬೇರೆಯಾಗಿ ಇಟ್ಟರಂತೆ. ಖಾಲಿ ಮಾಡಿದ ಸ್ಟೀಲ್ ಬಾಟಲಿಯನ್ನು ಮುಚ್ಚಳ ತೆಗೆದು ಅದರ ಪಕ್ಕದಲ್ಲಿ.

"ಈ ಸಲಾನೂ ಒರೆಸಿ ನೋಡಿದ್ರು ಕಣಪ್ಪ," ಅಂದರು. "ನೋಡ್ಲಿ ಅಂತ ಸುಮ್ನೆ ಕೂತಿದ್ದೆ."